ಅಮ್ಮನ ಕ್ಯಾನ್ಸರ್ ಲಿವರ್‌ಗೆ ಹರಡಿದೆ, ‘ಮನೆಗೆ ಕರ್ಕೊಂಡು ಹೋಗಿ’ ಅಂದಿದ್ದಾರೆ. ಹೇಗೆ ನೋಡಿಕೊಳ್ಳುವುದು?

ತೀವ್ರ ನೋವಿಗೆ ಕೊಡುವ ಮಾರ್ಫಿನ್ ಬೇಡ ಅಂತ ನಿಮ್ಮ ಅಣ್ಣ ಹಟ ಹಿಡಿದಿದ್ದಾರೆ, ಅಮ್ಮ ಊಟ ಬಿಟ್ಟಿದ್ದಾರೆ, ಕೊನೆ ಹತ್ತಿರ ಬಂದದ್ದು ಹೇಗೆ ಗೊತ್ತಾಗುತ್ತದೆ ಅಂತ ಕೇಳಿದ್ದೀರಿ. ನಾನು ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ನರಳಾಟ ಕಡಿಮೆ ಮಾಡುವ ಆರೈಕೆಯ ನರ್ಸ್. ನಾನು ಹೇಳುವುದು ಆರೈಕೆಯ ವಿಷಯ, ಔಷಧಿಯ ಪ್ರಮಾಣ ನಿಮ್ಮ ಡಾಕ್ಟರೇ ಹೇಳಬೇಕು.

ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ರಿಪೋರ್ಟ್, ಈಗಿನ ಮಾತ್ರೆಗಳ ಪಟ್ಟಿ ಹಿಡಿದುಕೊಂಡು ಈ ವಾರವೇ ಒಂದು ಪ್ಯಾಲಿಯೇಟಿವ್ ಕೇರ್ ವಿಭಾಗದಲ್ಲಿ ಹೆಸರು ಬರೆಸಿ. ಬೆಂಗಳೂರಿನಲ್ಲಾದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಮಾರತಹಳ್ಳಿ ಕಡೆ ಇರುವ ಕರುಣಾಶ್ರಯದಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳಿಗೆ ಆರೈಕೆ ಉಚಿತ, ಮನೆಗೆ ಬಂದು ನೋಡುವ ತಂಡವೂ ಇದೆ. ಮಾರ್ಫಿನ್ ಬೀದಿಯ ಮೆಡಿಕಲ್ ಶಾಪಿನಲ್ಲಿ ಸಿಗುವುದು ಅಪರೂಪ. ಮಾದಕ ವಸ್ತು ಕಾನೂನಿಗೆ 2014ರಲ್ಲಿ ಆದ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಂಡು ಕೊಡುತ್ತವೆ. ಹಾಗಾಗಿ ನೋವು ಜೋರಾಗುವ ಮೊದಲೇ ಆ ದಾರಿ ಮಾಡಿಟ್ಟುಕೊಳ್ಳಬೇಕು.

ಅಣ್ಣನಿಗೆ ಇಷ್ಟು ಹೇಳಿ. ಕ್ಯಾನ್ಸರ್ ನೋವಿಗೆ ಡಾಕ್ಟರ್ ಲೆಕ್ಕ ಹಾಕಿ ಕೊಟ್ಟ ಮಾರ್ಫಿನ್ ಚಟವಾಗುವುದು ತೀರಾ ಅಪರೂಪ, ಸಾವನ್ನು ಬೇಗ ತರುವುದೂ ಇಲ್ಲ. ಅದು ಕೆಲಸ ಮಾಡದಿರುವುದು ಹೆಚ್ಚಾಗಿ ‘ನೋವು ಬಂದಾಗ ಕೊಡೋಣ’ ಅಂತ ಕಾಯುವ ಮನೆಗಳಲ್ಲಿ. ಸಾದಾ ಮಾತ್ರೆಯ ಪರಿಣಾಮ ಸುಮಾರು 4 ತಾಸು. ಆದ್ದರಿಂದ ಸಾಮಾನ್ಯವಾಗಿ ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಹೀಗೆ ಗಡಿಯಾರ ನೋಡಿ ಕೊಡುತ್ತಾರೆ. ನಡುರಾತ್ರಿ ಎಬ್ಬಿಸದಿರಲು ಮಲಗುವಾಗಿನ ಡೋಸನ್ನು ಎಷ್ಟೋ ಸಲ ಎರಡು ಪಟ್ಟು ಬರೆಯುತ್ತಾರೆ. ನಡುವೆ ನೋವು ಕಾಣಿಸಿದರೆ ಕೊಡಲು ಹೆಚ್ಚುವರಿ ಡೋಸ್ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ಸಮಯ ಬರೆಯುತ್ತಾ ಹೋಗಿ, ಮುಂದಿನ ಡೋಸ್ ಏರಿಸುವುದೋ ಇಳಿಸುವುದೋ ಅಂತ ಡಾಕ್ಟರ್ ನಿರ್ಧರಿಸುವುದು ಅದನ್ನು ನೋಡಿಯೇ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ ಪುಡಿ ಮಾಡಬೇಡಿ, ಇಡೀ ಡೋಸ್ ಒಮ್ಮೆಲೇ ಮೈಗೆ ಸೇರಿಬಿಡುತ್ತದೆ. ಯಾವ ಬಗೆಯದಾದರೂ ದಿಢೀರನೆ ನಿಲ್ಲಿಸಲೂಬಾರದು.

ಮೊದಲ ಕೆಲವು ದಿನದ ಮಂಪರು, ವಾಕರಿಕೆ ಇಳಿದುಹೋಗುತ್ತವೆ, ಮಲಬದ್ಧತೆ ಮಾತ್ರ ಹೋಗುವುದಿಲ್ಲ. ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಔಷಧಿಯೂ ಶುರುವಾಗಬೇಕು. ಮನೆಮದ್ದು ಅಂತ ಇಸಬ್‌ಗೋಲ್ ಕೊಡಬೇಡಿ, ನೀರು ಕುಡಿಯದವರ ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಕೂರುತ್ತದೆ. ಮೂರು ದಿನ ಹೋಗದೆ ಆಮೇಲೆ ನೀರು ನೀರಾಗಿ ಸ್ವಲ್ಪ ಸ್ವಲ್ಪ ಸೋರಿದರೆ ಭೇದಿ ಅಂದುಕೊಂಡು ಮಾತ್ರೆ ಕೊಡುವವರಿದ್ದಾರೆ. ಗಟ್ಟಿ ಮಲದ ಪಕ್ಕದಿಂದ ಜಾರಿ ಬರುತ್ತಿರುವುದೂ ಇರಬಹುದು, ನರ್ಸ್‌ಗೆ ತೋರಿಸಿ. ಕೈಕಾಲು ಪದೇ ಪದೇ ಅದುರಿದರೆ, ಇಲ್ಲದ್ದು ಕಾಣಿಸುತ್ತಿದ್ದರೆ, ಎಬ್ಬಿಸಿದರೂ ಏಳದೆ ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಾದರೆ ಮುಂದಿನ ಡೋಸ್ ಕೊಡುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ಲಿವರ್, ಕಿಡ್ನಿ ಸೋತವರಲ್ಲಿ ಔಷಧಿ ಮೈಯಲ್ಲೇ ಉಳಿಯುತ್ತದೆ.

ಇನ್ನು ಊಟ. ಈ ಹಂತದಲ್ಲಿ ತಿನ್ನದೆ ಸೊರಗುತ್ತಿದ್ದಾರೆ ಅನ್ನುವುದಕ್ಕಿಂತ ಕಾಯಿಲೆ ಮುಂದುವರಿದದ್ದರಿಂದಲೇ ತಿನ್ನಲಾಗುತ್ತಿಲ್ಲ ಅನ್ನುವುದು ಸರಿ. ಕೇಳಿದರೆ ತಲೆಯ ಕಡೆ ಎತ್ತರಿಸಿ ಎರಡು ಚಮಚ ಗಂಜಿ, ಎಳನೀರು, ಏನು ಇಷ್ಟವೋ ಅದು. ಮಂಪರಿನಲ್ಲಿರುವಾಗ ಬಾಯಿಗೆ ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಕೊನೆಗಳಿಗೆಯ ತುಳಸಿನೀರೂ ಅಷ್ಟೇ, ತುಟಿ ಒದ್ದೆಯಾಗುವಷ್ಟು ಸಾಕು. ‘ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿ’ ಅನ್ನುವ ನೆಂಟರು ಖಂಡಿತ ಬರುತ್ತಾರೆ. ಆ ನೀರು ಕಾಲಿಗೆ, ಹೊಟ್ಟೆಗೆ, ಎದೆಗೆ ಇಳಿದು ಉಸಿರಿನ ಗೊರಗೊರ ಸದ್ದು ಹೆಚ್ಚಾಗುವುದೇ ಹೆಚ್ಚು. ಬಾಯಾರಿಕೆ ಅನ್ನಿಸುವುದು ಬಹುಪಾಲು ಬಾಯಿ ಒಣಗಿದ್ದಕ್ಕೆ. ಒಂದು ಲೋಟ ನೀರಿಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಬೆರೆಸಿ, ಬೆರಳಿಗೆ ಶುಭ್ರ ಗಾಜ್ ಬಟ್ಟೆ ಸುತ್ತಿ ಅದರಲ್ಲಿ ಅದ್ದಿ ಹಿಂಡಿ, ಎರಡು ತಾಸಿಗೊಮ್ಮೆ ಕೆನ್ನೆಯ ಒಳಭಾಗ, ನಾಲಿಗೆ ಒರೆಸಿ. ತುಟಿಗೆ ಕೊಬ್ಬರಿ ಎಣ್ಣೆ. ಬಿಳಿ ಪದರ ಕಟ್ಟಿದ್ದರೆ ಫಂಗಸ್ ಇರಬಹುದು, ಅದಕ್ಕೆ ಔಷಧಿ ಇದೆ.

ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಮೊಣಕಾಲುಗಳ ನಡುವೆ ದಿಂಬಿಡಿ. ಬೆನ್ನಿನ ಕೆಳಮೂಳೆ, ಹಿಮ್ಮಡಿ ದಿನಾ ನೋಡಿ. ಕೆಂಪಾದ ಜಾಗ ಬೆರಳಲ್ಲಿ ಒತ್ತಿದಾಗಲೂ ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಅಲ್ಲಿ ತಿಕ್ಕಬೇಡಿ. ಏರ್‌ಬೆಡ್ ತಂದರೆ ಮೇಲೆ ಒಂದೇ ತೆಳು ಬೆಡ್‌ಶೀಟ್. ದಪ್ಪ ಕಂಬಳಿ ಹಾಸಿದರೆ ಅದರ ಬಾಡಿಗೆ ದಂಡ.

ಅಮ್ಮನಿಗೆ ಹೇಳಬೇಕಾ ಅಂತ ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ಅವರಿಗೆ ಅರ್ಧ ಗೊತ್ತಿರುತ್ತದೆ. ‘ಡಾಕ್ಟ್ರು ಏನಂದ್ರು ಅನ್ಸುತ್ತಮ್ಮಾ ನಿಂಗೆ?’ ಅಂತ ಕೇಳಿ ಸುಮ್ಮನಿರಿ. ಅವರು ಎಷ್ಟು ಕೇಳುತ್ತಾರೋ ಅಷ್ಟಕ್ಕೆ ನಿಜ ಹೇಳಿ. ಐಸಿಯು, ವೆಂಟಿಲೇಟರ್ ಬೇಡ ಅನ್ನುವುದು ಅವರ ಇಷ್ಟವಾದರೆ ಅದನ್ನು ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ 2023ರಲ್ಲಿ ಸರಳ ಮಾಡಿದ ಕ್ರಮದ ಪ್ರಕಾರ ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಮನೆಯವರೆಲ್ಲ ಇದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ರಾತ್ರಿ ಎರಡು ಗಂಟೆಗೆ ಯಾರೋ ಗಾಬರಿಯಲ್ಲಿ 108ಕ್ಕೆ ಫೋನ್ ಮಾಡುತ್ತಾರೆ, ಬೆಳಗಾಗುವುದರೊಳಗೆ ಅಮ್ಮ ಐಸಿಯುನಲ್ಲಿರುತ್ತಾರೆ.

ಕೊನೆಯ ದಿನಗಳಲ್ಲಿ ನಿದ್ದೆಯೇ ಹೆಚ್ಚು. ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ. ಕಾಲು ತಣ್ಣಗಾಗಿ ಮಂಡಿಯ ಸುತ್ತ ನೀಲಿ ಮಚ್ಚೆ ಮೂಡಬಹುದು. ಉಸಿರು ಜೋರಾಗಿ, ಇಳಿದು, ಕೆಲವು ಸೆಕೆಂಡು ನಿಂತು ಮತ್ತೆ ಬರುತ್ತದೆ. ಗಂಟಲಿನ ಗೊರಗೊರಕ್ಕೆ ಪಕ್ಕಕ್ಕೆ ಮಲಗಿಸಿ. ಅದನ್ನು ಕಡಿಮೆ ಮಾಡುವ ಇಂಜೆಕ್ಷನ್ ಶುರುವಿನಲ್ಲೇ ಕೊಟ್ಟರೆ ಉಪಯೋಗ. ನೋಡುವವರಿಗೆ ಆಗುವಷ್ಟು ಹಿಂಸೆ ಆಗ ಅವರಿಗೆ ಆಗುತ್ತಿರುವುದಿಲ್ಲ. ಇದ್ದಕ್ಕಿದ್ದಂತೆ ಚಡಪಡಿಸಿ ಬಟ್ಟೆ ಕೀಳತೊಡಗಿದರೆ ಮೂತ್ರ ಕಟ್ಟಿದೆಯೇ ಅಂತ ಮೊದಲು ನೋಡಿಸಿ, ಮೂತ್ರ ಹೊರಹೋಗುವ ನಳಿಕೆ (ಕ್ಯಾಥೆಟರ್) ಹಾಕಿದರೆ ಎಷ್ಟೋ ಸಲ ಸಮಾಧಾನವಾಗುತ್ತದೆ. ಅವರಿಗೆ ಕೇಳಿಸುತ್ತಿದೆ ಅಂದುಕೊಂಡೇ ಮಾತಾಡಿ, ಆಸ್ತಿ ಮಾತು ಹೊರಗೆ ಇರಲಿ.

ಮನೆಯಲ್ಲಿ ತೀರಿಕೊಂಡರೆ ಚಿಕಿತ್ಸೆ ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣದ ಪ್ರಮಾಣಪತ್ರ, ಅಂದರೆ ನಮೂನೆ 4ಎ, ಬೇಕಾಗುತ್ತದೆ. ರಾತ್ರಿಹೊತ್ತು ಯಾರು ಬರುತ್ತಾರೆ ಅಂತ ಈಗಲೇ ಕೇಳಿಡಿ. 21 ದಿನದೊಳಗೆ ಮರಣ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ. ಹೆಸರು ಆಧಾರ್‌ನಲ್ಲಿ ಇರುವಂತೆಯೇ ಬರೆಸಿ, ಒಂದಕ್ಷರ ತಪ್ಪಿದರೂ ಬ್ಯಾಂಕಿನಲ್ಲಿ ಅಲೆದಾಟ. ಉಳಿದ ಮಾರ್ಫಿನ್ ಮಾತ್ರೆ ತಂದಲ್ಲಿಗೇ ವಾಪಸ್ ಕೊಡಿ.