ಬಸ್ ಚಾರ್ಜು ಉಳಿಯಿತು, ಹಣ ಎಲ್ಲಿ ಹೋಯಿತು?

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರ ನಾಲ್ಕು ಪುಟದ ಪತ್ರ ಬಂದಿದೆ. ಸಾರ ಹೀಗೆ: ನಾಲ್ಕು ಎಕರೆ ಅಡಿಕೆ ತೋಟದ, ಅರವತ್ತು ದಾಟಿದ ಇವರು ವರ್ಷಕ್ಕೆ ಎರಡು ಸಲ ಬೆಂಗಳೂರಿಗೆ ಹೋಗಿ ಕುದುರೆ ರೇಸ್ ಆಡಿ ಬರುತ್ತಿದ್ದರು. ಪ್ರತಿ ಸಲ ಬಸ್ಸು, ಲಾಡ್ಜು, ಊಟಕ್ಕೆ 3,000 ರೂಪಾಯಿ, ಆಟಕ್ಕೆ 5,000. ಕಳೆದ ವರ್ಷ ಮಂಡಿನೋವು ಹೆಚ್ಚಾಗಿ ಪ್ರಯಾಣ ನಿಂತಿತು. ತಂಗಿಯ ಮಗ ವಾಟ್ಸ್‌ಆ್ಯಪ್‌ನಲ್ಲಿ ಯಾರಿಂದಲೋ ಒಂದು ‘ಐಡಿ’ (ಬಾಜಿ ಕಟ್ಟುವ ಖಾತೆ) ಕೊಡಿಸಿ, ಮೊಬೈಲ್‌ನಲ್ಲೇ ಆಡುವುದನ್ನು ಕಲಿಸಿದ. ‘ಖರ್ಚು ಉಳಿಯಿತು ಎಂದುಕೊಂಡೆ. ಹನ್ನೊಂದು ತಿಂಗಳ ಮೇಲೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿದರೆ 1,86,000 ರೂಪಾಯಿ ಹೋಗಿದೆ. ಅದೇ ಆಟ, ಅದೇ ನಾನು. ಒಂದು ಸಲಕ್ಕೆ ಕಟ್ಟುವುದು ಬರೀ 100 ರೂಪಾಯಿ. ಇದು ಹೇಗಾಯಿತು? ಅಡಿಕೆ ಬೆಳೆಯುವುದೂ ಜೂಜೇ ಅಲ್ಲವೇ? ಮೊಬೈಲ್ ಬಿಟ್ಟು ಮತ್ತೆ ಬೆಂಗಳೂರಿಗೇ ಹೋಗಲೇ?’ ಎಂದು ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಈ ಪತ್ರಿಕೆಯನ್ನು ಅವರ ಮನೆಯಲ್ಲಿ ಮೊದಲು ಓದುವುದು ಅವರ ಹೆಂಡತಿಯಂತೆ.

ಮಾನ್ಯರೇ,

ಜೂಜು ಕೆಟ್ಟದ್ದು ಎಂಬ ಉಪದೇಶ ನಿಮಗೆ ಮನೆಯಲ್ಲಿ ಸಾಕಷ್ಟು ಆಗಿರುತ್ತದೆ. ನನ್ನಿಂದಲೂ ಅದೇ ಬೇಡ. ನೀವು ಕೇಳಿರುವುದು ಲೆಕ್ಕದ ಪ್ರಶ್ನೆ. ಲೆಕ್ಕವನ್ನೇ ನೋಡೋಣ.

ಮೊದಲು ನಿಮ್ಮ ಪರವಾದ ಮಾತು. ‘ರೇಸ್ ಕೋರ್ಸಿನಲ್ಲಿ ಸರ್ಕಾರವೇ ಅರ್ಧ ತಿನ್ನುತ್ತದೆ, ಮೊಬೈಲ್‌ನಲ್ಲಿ ಬೆಲೆ ಚೆನ್ನಾಗಿದೆ’ ಎಂದು ಬರೆದಿದ್ದೀರಿ. ಅರ್ಧ ಎನ್ನುವುದು ಸ್ವಲ್ಪ ಹೆಚ್ಚಾಯಿತು, ಆದರೆ ತೀರಾ ಸುಳ್ಳಲ್ಲ. 2023ರ ಅಕ್ಟೋಬರ್‌ನಿಂದ ಕಟ್ಟಿದ ಹಣದ ಪೂರ್ತಿ ಮೊತ್ತಕ್ಕೆ ಶೇ 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಗಿದೆ. ಗೆದ್ದ ಹಣ 10,000 ರೂಪಾಯಿ ದಾಟಿದರೆ ಶೇ 30ರಷ್ಟು ಆದಾಯ ತೆರಿಗೆಯನ್ನು ಕೌಂಟರ್‌ನಲ್ಲೇ ಮುರಿದುಕೊಳ್ಳುತ್ತಾರೆ. ಸೋತದ್ದನ್ನು ಗೆದ್ದದ್ದರಲ್ಲಿ ಕಳೆದು ತೋರಿಸುವ ಹಾಗೂ ಇಲ್ಲ. ಇದರ ಮೇಲೆ ಕ್ಲಬ್ಬಿನ ಪಾಲು ಬೇರೆ. ‘ಟೋಟ್’ ಎಂದು ನೀವು ಕರೆಯುವ ಟೋಟಲೈಸೇಟರ್ ಕೆಲಸ ಮಾಡುವುದೇ ಹಾಗೆ: ಎಲ್ಲರೂ ಕಟ್ಟಿದ ಹಣ ಒಂದು ಗುಡ್ಡೆಯಾಗುತ್ತದೆ, ಕ್ಲಬ್ಬು ತನ್ನ ಪಾಲನ್ನು ಮೊದಲೇ ಎತ್ತಿಟ್ಟುಕೊಳ್ಳುತ್ತದೆ, ಉಳಿದದ್ದನ್ನು ಗೆದ್ದ ಟಿಕೆಟ್ಟುಗಳಿಗೆ ಹಂಚುತ್ತದೆ. ಯಾವ ಕುದುರೆ ಗೆದ್ದರೂ ಕ್ಲಬ್ಬಿಗೆ ನಷ್ಟವಿಲ್ಲ. ನೀವು ಆಡುತ್ತಿದ್ದದ್ದು ಪಕ್ಕದಲ್ಲಿ ನಿಂತು ಕಡಲೆಕಾಯಿ ತಿನ್ನುತ್ತಿದ್ದವನ ವಿರುದ್ಧ.

ಆದ್ದರಿಂದ ಲೆಕ್ಕಕ್ಕಾಗಿ ಎಲ್ಲ ಸೇರಿ ರೇಸ್ ಕೋರ್ಸಿನಲ್ಲಿ ನೂರಕ್ಕೆ 40 ಕಡಿತ ಎಂದು ಹಿಡಿಯಿರಿ. ಮೊಬೈಲ್‌ನಲ್ಲಿ ಬರೀ 5 ಎಂದು ಹಿಡಿಯಿರಿ. ನಿಮ್ಮ ಐಡಿ ಕೊಟ್ಟವನು ಅಷ್ಟು ಧರ್ಮಿಷ್ಠ ಎಂದು ನನಗೇನೂ ನಂಬಿಕೆ ಇಲ್ಲ, ಆದರೂ ಇರಲಿ. ರೇಸ್ ಕೋರ್ಸಿನಲ್ಲಿ ದಿನಕ್ಕೆ ಎಂಟು ಓಟ. ಪ್ರತಿ ಓಟಕ್ಕೆ 100 ರೂಪಾಯಿ ಕಟ್ಟಿದರೆ ಸರಾಸರಿಯಲ್ಲಿ ಕೈಬಿಡುವುದು 320 ರೂಪಾಯಿ. ಮೊಬೈಲ್‌ನಲ್ಲಿ ಮೂರು ನಿಮಿಷಕ್ಕೊಂದು ಓಟ ಬರುತ್ತದೆ ಎಂದು ನೀವೇ ಬರೆದಿದ್ದೀರಿ. ರಾತ್ರಿ ಊಟವಾದ ಮೇಲೆ ಮೂರು ಗಂಟೆ ಆಡಿದರೆ 60 ಓಟ. ನೂರಕ್ಕೆ 5ರಂತೆ 300 ರೂಪಾಯಿ. ಎಂಟು ಪಟ್ಟು ಅಗ್ಗದ ಆಟ, ದಿನದ ಕೊನೆಗೆ ಹೆಚ್ಚುಕಡಿಮೆ ಅಷ್ಟೇ ನಷ್ಟ.

ಬೆಂಗಳೂರಿಗೆ ನೀವು ಹೋಗುತ್ತಿದ್ದದ್ದು ವರ್ಷಕ್ಕೆ ಎರಡು ಸಲ. ಮೊಬೈಲ್ ದಿನವೂ ದಿಂಬಿನ ಪಕ್ಕದಲ್ಲಿದೆ. ಹನ್ನೊಂದು ತಿಂಗಳೆಂದರೆ ಸುಮಾರು 330 ದಿನ. ದಿನಕ್ಕೆ 300ರಂತೆ 99,000 ರೂಪಾಯಿ. ಪಾಸ್‌ಬುಕ್ಕಿನಲ್ಲಿ ಹೋಗಿರುವುದು 1,86,000. ಉಳಿದ 87,000 ರೂಪಾಯಿ ಎಲ್ಲಿಯದು? ಬೇಸರಿಸಬೇಡಿ, ಒಂದೋ ಕಡಿತ 5ಕ್ಕಿಂತ ಬಹಳ ಹೆಚ್ಚಿತ್ತು, ಇಲ್ಲವೇ ನೀವು 100 ರೂಪಾಯಿಯಲ್ಲೇ ನಿಂತಿರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಸೋತದ್ದನ್ನು ಹಿಂದಕ್ಕೆ ತೆಗೆಯಲು 500 ಕಟ್ಟಿದ ರಾತ್ರಿಗಳು ಇದ್ದಿರಬೇಕು. ಪತ್ರದಲ್ಲಿ ಅದನ್ನು ಬರೆದಿಲ್ಲ, ನಾನಾಗಿದ್ದರೂ ಬರೆಯುತ್ತಿರಲಿಲ್ಲ.

ನನಗೂ ಸ್ವಲ್ಪ ಅನುಭವ ಇದೆ. ಬೆಂಗಳೂರಿನಲ್ಲಿ ಓದುತ್ತಿದ್ದಾಗ, ಒಂದು ಬೇಸಿಗೆಯಲ್ಲಿ ಕೋಣೆಯ ಗೆಳೆಯನೊಂದಿಗೆ ರೇಸಿಗೆ ಹೋಗಿದ್ದೆ. ಓಟಕ್ಕೆ ಮೊದಲು ಪ್ಯಾಡಕ್‌ನಲ್ಲಿ ಕುದುರೆಗಳನ್ನು ಸುತ್ತು ಹಾಕಿಸುತ್ತಾರಲ್ಲ, ಬೇಲಿಗೆ ಒರಗಿ ನೋಡುತ್ತಿದ್ದೆವು. ನಾಲ್ಕನೇ ನಂಬರಿನದು ಮಿರಿಮಿರಿ ಮಿಂಚುವ ಕಂದು ಕುದುರೆ, ಕತ್ತು ಕೊಂಕಿಸಿ ಕುಣಿಯುತ್ತಿತ್ತು. ಇದೇ ಎಂದೆ. ಪಕ್ಕದಲ್ಲಿದ್ದ ಮುದುಕರೊಬ್ಬರು ಅದರ ಹಿಂದೊಡೆಗಳ ನಡುವೆ ನೊರೆಗಟ್ಟಿದ ಬೆವರು ತೋರಿಸಿ, ‘ಇದು ಇಲ್ಲೇ ಓಡಿ ಮುಗಿಸಿದೆ ಮಗು’ ಎಂದರು. ಕೇಳಲಿಲ್ಲ. ಅದು ಕೊನೆಯಿಂದ ಎರಡನೆಯದಾಗಿ ಬಂತು. ಸಿಟ್ಟಿನಲ್ಲಿ ಆ ಕ್ಷಣವೇ ಜೇಬಿನಲ್ಲಿದ್ದದ್ದನ್ನೆಲ್ಲ ಕಟ್ಟಿಬಿಡುತ್ತಿದ್ದೆ. ಕಟ್ಟಲು ಓಟ ಇರಲಿಲ್ಲ. ಮುಂದಿನದಕ್ಕೆ ಅರ್ಧ ಗಂಟೆ ಇತ್ತು. ಆ ಅರ್ಧ ಗಂಟೆಯಲ್ಲಿ ಹಸಿವಾಯಿತು, ಇಡ್ಲಿ ತಿಂದೆವು, ತಿಂಗಳ ಮೆಸ್ಸಿನ ಬಾಕಿ ನೆನಪಾಯಿತು, ನಡೆದು ಹೊರಗೆ ಬಂದೆವು.

ರೇಸ್ ಕೋರ್ಸ್ ಸಾಧುಗಳ ಮಠ ಎಂದು ಇದರ ಅರ್ಥವಲ್ಲ. ಗೇಟಿನ ಹೊರಗೆ ವಾಚು ಒತ್ತೆಯಿಟ್ಟು ಒಳಗೆ ಹೋದವರನ್ನು ಅದೇ ದಿನ ಕಂಡೆ. ‘ಕುದುರೆ ಬಾಲಕ್ಕೆ ಕಟ್ಟಿದ’ ಎಂಬ ಮಾತು ನಮ್ಮಲ್ಲಿ ಮೊಬೈಲ್ ಬಂದ ಮೇಲೆ ಹುಟ್ಟಿದ್ದಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಮನೆ ಮಾರಿದವರ ಕಥೆಗಳಿಗೆ ಬರವಿಲ್ಲ. ಮೈಸೂರಿನ ರೇಸ್ ಕ್ಲಬ್ಬೇ 1891ರದು, ಅಷ್ಟೂ ವರ್ಷಗಳ ಕಥೆಗಳಿವೆ. ಆದರೆ ನಿಮ್ಮ ವಿಷಯದಲ್ಲಿ ಮಾತ್ರ ಆ ಆಟ ಒಂದು ಅಳತೆಯೊಳಗೆ ಇತ್ತು. ಶಿವಮೊಗ್ಗ ಜಿಲ್ಲೆಯಲ್ಲಿ ರೇಸ್ ಕೋರ್ಸ್ ಇಲ್ಲ. ರಾತ್ರಿ ಬಸ್ಸು ಹತ್ತಬೇಕು, ಮನೆಯಲ್ಲಿ ಒಂದು ನೆಪ ಹೇಳಬೇಕು, ನೋಟು ಎಣಿಸಿ ಒಳಜೇಬಿಗೆ ಹಾಕಿಕೊಳ್ಳಬೇಕು. ನೋಟು ಮುಗಿದರೆ ಆಟ ಮುಗಿಯಿತು. ಎರಡೂ ಸಲ ಪೂರ್ತಿ ಸೋತು ಬಂದರೂ ವರ್ಷಕ್ಕೆ 16,000. ನೀವು ದಂಡ ಎಂದುಕೊಂಡ ಆ 3,000 ರೂಪಾಯಿಯ ಬಸ್ಸು-ಲಾಡ್ಜಿನ ಖರ್ಚು ತೋಟದ ಸುತ್ತ ಅಗಳು ತೆಗೆಸಿದ ಖರ್ಚಿನ ಹಾಗೆ. ದನ ಒಳಗೆ ನುಗ್ಗದೆ ಇದ್ದಷ್ಟು ದಿನ ಅಗಳಿಗೆ ಹಾಕಿದ ದುಡ್ಡು ದಂಡವೆಂದೇ ಕಾಣುತ್ತದೆ.

ಇನ್ನು ‘ಅದೇ ಆಟ’ ಎಂಬ ನಿಮ್ಮ ಮಾತು. ಇದರಲ್ಲಿ ನನಗೆ ಗಟ್ಟಿಯಾದ ತಕರಾರಿದೆ. ಒಂದು ಜೊತೆ ಎತ್ತು ಕೊಳ್ಳುವಾಗ ನೀವು ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಡೆಸಿ ನೋಡುತ್ತೀರಿ. ಮಂಡಿಯಲ್ಲಿ ಅಡಿಕೆ ಕೊಳ್ಳುವವನು ಚೀಲದ ಮೇಲಿನ ಚೀಟಿ ಓದಿ ಬೆಲೆ ಹೇಳುವುದಿಲ್ಲ. ಕೈ ಹಾಕಿ ತೆಗೆದು, ಕತ್ತರಿಸಿ, ರಾಶಿಯೋ ಬೆಟ್ಟೆಯೋ ಗೊರಬಲೋ ಎಂದು ದರ್ಜೆ ನೋಡುತ್ತಾನೆ. ಮೂರು ನಿಮಿಷಕ್ಕೊಂದು, ರಾತ್ರಿ ಹನ್ನೆರಡರವರೆಗೆ ಓಡುತ್ತದೆ ಎಂದು ನೀವು ವರ್ಣಿಸಿದ ಕುದುರೆಗಳನ್ನು ಯಾವ ಲಾಯದಲ್ಲೂ ಕಟ್ಟಿಲ್ಲ. ಅವಕ್ಕೆ ಹುರುಳಿ ಹಾಕಿದವರಿಲ್ಲ, ಲಾಳ ಹೊಡೆದವರಿಲ್ಲ. ಅವು ಕಂಪ್ಯೂಟರ್ ಬರೆದ ಚಿತ್ರಗಳು. ‘ವರ್ಚುವಲ್ ರೇಸ್’ ಎಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ನೋಡಿ. ಯಾವುದು ಗೆಲ್ಲಬೇಕೆಂಬುದನ್ನು ಒಂದು ಸಂಖ್ಯೆ ತೀರ್ಮಾನಿಸುತ್ತದೆ, ಆಮೇಲೆ ಚಿತ್ರ ಓಡುತ್ತದೆ. ಇಪ್ಪತ್ತು ವರ್ಷ ರೇಸ್ ಪುಸ್ತಕ ಓದಿ ನೀವು ಕಲಿತ ಜಾಕಿ, ತೂಕ, ತಳಿ ಯಾವುದೂ ಅಲ್ಲಿ ಬೆಲೆ ಬಾಳುವುದಿಲ್ಲ.

ನಿಜವಾದ ರೇಸಿನಲ್ಲಿ ಬೆಲೆ ಬಾಳುತ್ತದೆಯೇ? ಸ್ವಲ್ಪ ಮಟ್ಟಿಗೆ. ಕುದುರೆ ರೇಸಿನಲ್ಲಿ ಕೌಶಲವೇ ಮುಖ್ಯ, ಅದು ಬರೀ ಅದೃಷ್ಟದ ಆಟವಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿದೆ. ನ್ಯಾಯಾಲಯಕ್ಕೆ ನಮಸ್ಕಾರ. ಆದರೆ ಹ್ಯಾಂಡಿಕ್ಯಾಪ್ ಓಟ ಎಂದರೇನು? ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ, ಸಾಧಾರಣದ್ದಕ್ಕೆ ಕಡಿಮೆ ತೂಕ ಹೊರಿಸಿ, ಎಲ್ಲವೂ ಒಟ್ಟಿಗೆ ಗೆರೆ ಮುಟ್ಟುವ ಹಾಗೆ ಮಾಡುವುದು. ನಿಮ್ಮ ಕೌಶಲ ನಿರುಪಯೋಗಿ ಆಗಲಿ ಎಂದು ಒಬ್ಬನಿಗೆ ಸಂಬಳ ಕೊಟ್ಟು ಕೂರಿಸಿದ್ದಾರೆ ಎಂದಾಯಿತು. ನನ್ನ ಪಕ್ಕದ ಆ ಮುದುಕರಿಗೆ ಕುದುರೆ ಓದಲು ಬರುತ್ತಿತ್ತು, ಸಂಶಯವಿಲ್ಲ. ಅವರ ಚಪ್ಪಲಿಗೆ ಪಿನ್ನು ಚುಚ್ಚಿತ್ತು ಎಂಬುದನ್ನೂ ನೋಡಿದ್ದೆ.

ಕಾನೂನಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಬಾಜಿಯನ್ನು ತಡೆಯಲು ಹೊರಟಿತು. ಆ ಕಲಂಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ನಂತರ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿ, ಕೌಶಲವೋ ಅದೃಷ್ಟವೋ ಎಂಬುದನ್ನು ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ; ಪೊಲೀಸರು ಮನೆಗೆ ಬಂದಾರು ಎಂದು ನಿಮ್ಮ ಮನೆಯವರು ಹೆದರುವುದು ಬೇಡ.

ಹೆದರಬೇಕಾದದ್ದು ಬೇರೆ ಕಡೆ ಇದೆ. ಬಾಜಿಯ ಕರಾರು ಅನೂರ್ಜಿತ, ಅದರ ಹಣ ಕೇಳಿ ಕೋರ್ಟಿಗೆ ಹೋಗುವಂತಿಲ್ಲ ಎಂದು 1872ರ ಕರಾರು ಕಾಯ್ದೆಯ 30ನೇ ಕಲಂ ಹೇಳುತ್ತದೆ. ಹಾಗಾಗಿ ಐಡಿ ಕೊಟ್ಟವನು ನಾಳೆ ನಿಮ್ಮ ನಂಬರನ್ನು ಬ್ಲಾಕ್ ಮಾಡಿದರೆ ದಾವೆ ಹೂಡಲು ದಾರಿ ಇಲ್ಲ. ಇನ್ನೊಂದು ಸಂಗತಿ: ಪ್ರತಿ ಸಲ ಬೇರೆ ಬೇರೆ ಯುಪಿಐ ನಂಬರಿಗೆ ಹಣ ಹಾಕಿಸುತ್ತಾನೆ ಎಂದು ಬರೆದಿದ್ದೀರಿ. ಅವು ಯಾರದೋ ಬಡಪಾಯಿಗಳ ಬಾಡಿಗೆ ಖಾತೆಗಳಾಗಿರುವ ಸಾಧ್ಯತೆ ಹೆಚ್ಚು. ಒಮ್ಮೆ ನೀವು ಗೆದ್ದಾಗ ಬಂದ 4,000 ರೂಪಾಯಿ ಇನ್ನೆಲ್ಲೋ ಮೋಸ ಹೋದವರ ಹಣವಾಗಿದ್ದರೆ, ಅವರು ಸೈಬರ್ ಪೊಲೀಸರಿಗೆ ಕೊಟ್ಟ ದೂರಿನ ಮೇಲೆ ನಿಮ್ಮ ಖಾತೆಯನ್ನೂ ತಡೆಹಿಡಿಯಬಹುದು. ಮಂಡಿಯ ಹಣ ಬರುವುದೂ, ಬೆಳೆಸಾಲ ಜಮೆಯಾಗುವುದೂ ಅದೇ ಖಾತೆಗೆ ಅಲ್ಲವೇ?

ಅಡಿಕೆಯೂ ಜೂಜೇ ಎಂದಿರಿ. ಇದನ್ನು ಮಲೆನಾಡಿನಲ್ಲಿ ಹೇಳದವರಿಲ್ಲ, ಬೆಲೆ ಇಳಿದ ವರ್ಷವಂತೂ ನಾನೂ ಹೇಳುತ್ತೇನೆ. ಮರದ ಮೇಲಿನ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುವಾಗ ಕೊಟ್ಟವರು, ಹಿಡಿದವರು ಇಬ್ಬರೂ ಮುಂದಿನ ಬೆಲೆಯ ಮೇಲೆ ಬಾಜಿ ಕಟ್ಟಿದ ಹಾಗೆಯೇ. ಆದರೂ ಒಂದು ವ್ಯತ್ಯಾಸವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆದರೆ ಕೊಳೆ ರೋಗ ಕಡಿಮೆಯಾಗುತ್ತದೆ. ಬೆಲೆ ಬಿದ್ದರೆ ಚೀಲವನ್ನು ಅಟ್ಟದ ಮೇಲಿಟ್ಟು ಕಾಯಬಹುದು. ಮೊಬೈಲ್ ಗಾಜನ್ನು ಎಷ್ಟು ಉಜ್ಜಿದರೂ ಕುದುರೆ ವೇಗವಾಗಿ ಓಡುವುದಿಲ್ಲ, ಸೋತ ಟಿಕೆಟ್ಟನ್ನು ಅಟ್ಟದ ಮೇಲಿಡಲು ಬರುವುದಿಲ್ಲ.

ಮತ್ತೆ ಬೆಂಗಳೂರಿಗೆ ಹೋಗಲೇ ಎಂಬ ಪ್ರಶ್ನೆ. ಆರು ತಿಂಗಳು ಬೇಡ. ಈಗ ನಿಮ್ಮ ಕೈಗೆ ದಿನಕ್ಕೆ 60 ಓಟದ ಅಭ್ಯಾಸವಾಗಿದೆ. ಎಂಟು ಓಟಕ್ಕೆ ಅದು ತೃಪ್ತಿಪಡುವುದಿಲ್ಲ. ಮೊದಲು ಆ ಐಡಿಯನ್ನೂ ಅದನ್ನು ಕೊಟ್ಟವನ ನಂಬರನ್ನೂ ತೆಗೆಯಿರಿ. ಯುಪಿಐಗೆ ಜೋಡಿಸಿದ ಖಾತೆಯಲ್ಲಿ ಮನೆ ಖರ್ಚಿನಷ್ಟೇ ಹಣ ಇಟ್ಟು, ಉಳಿದದ್ದನ್ನು ಮೊಬೈಲ್‌ಗೆ ಜೋಡಿಸದ ಬೇರೆ ಖಾತೆಗೆ, ನಿಮ್ಮ ಮನೆಯವರ ಹೆಸರೂ ಸೇರಿಸಿ, ಹಾಕಿಡಿ. ಕೈ ತಡೆಯದೆ ಹೋದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಗೀಳಿಗೆಂದೇ 2014ರಿಂದ ಒಂದು ಚಿಕಿತ್ಸಾಲಯ ನಡೆಯುತ್ತಿದೆ. ಇದನ್ನು ಕೇಳಿ ಮುಖ ಸಿಂಡರಿಸಬೇಡಿ. ಮಂಡಿನೋವಿಗೆ ವೈದ್ಯರ ಹತ್ತಿರ ಹೋದಿರಲ್ಲ, ಅಷ್ಟೇ.

ತಂಗಿಯ ಮಗನ ವಿಷಯ ನೀವು ಕೇಳಿಲ್ಲ, ನಾನೇ ಎತ್ತುತ್ತೇನೆ. ಹೊಸಬರನ್ನು ಸೇರಿಸಿದವರಿಗೆ ಇಂಥ ಕಡೆಗಳಲ್ಲಿ ಕಮಿಷನ್ ಕೊಡುವ ಪದ್ಧತಿ ಇದೆ. ಹುಡುಗ ಪ್ರೀತಿಯಿಂದಲೇ ಕಲಿಸಿರಬಹುದು. ಅವನು ಎಷ್ಟು ಕಳೆದುಕೊಂಡಿದ್ದಾನೆ ಎಂದು ಒಮ್ಮೆ ಹತ್ತಿರ ಕೂರಿಸಿಕೊಂಡು ಕೇಳಿ. ಬೈಯದೆ ಕೇಳಿ, ನಿಮ್ಮ ಪಾಸ್‌ಬುಕ್ ತೋರಿಸಿದ ಮೇಲೆ ಕೇಳಿದರೆ ಹೇಳಿಯಾನು.

ನಿಮ್ಮ ಪತ್ರದ ಮೂರನೆಯ ಹಾಳೆಯ ಹಿಂಬದಿಯಲ್ಲಿ ಈ ಸಲದ ಬೋರ್ಡೋ ಲೆಕ್ಕ ಇದೆ: ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, ಎಷ್ಟು ಡ್ರಮ್ಮು, ಮರ ಹತ್ತುವವರಿಗೆ ಎಷ್ಟು ಕೂಲಿ. ಕೊನೆಯ ಮೊತ್ತಕ್ಕೆ ಗೆರೆ ಎಳೆದು ಪಕ್ಕದಲ್ಲಿ ‘ಸಾಲುವುದಿಲ್ಲ’ ಎಂದು ಬರೆದಿದ್ದೀರಿ. ಮಳೆ ಹತ್ತಿರ ಬಂತು, ಆ ಹಾಳೆ ನಿಮಗೆ ಬೇಕಾಗುತ್ತದೆ. ಇಂದಿನ ಅಂಚೆಯಲ್ಲೇ ಹಿಂದಕ್ಕೆ ಕಳಿಸಿದ್ದೇನೆ; ಲಕೋಟೆಯ ಮೇಲೆ ಪತ್ರಿಕೆಯ ಹೆಸರು ಹಾಕಿಲ್ಲ.

— ಸಂಪಾದಕ