‘ಶಿಪ್’ ಏಕೆ ‘ಸ್‌ಹಿಪ್’ ಆಗುತ್ತದೆ?

ಪ್ರಶ್ನೆ: ಮಗಳು ಎರಡನೇ ತರಗತಿ. ಇಂಗ್ಲಿಷಿನ ಬಿಡಿ ಅಕ್ಷರಗಳ ಧ್ವನಿಗಳೆಲ್ಲ ಗೊತ್ತು. ಆದರೂ ‘ಶಿಪ್’ ಎಂಬುದನ್ನು ‘ಸ್‌ಹಿಪ್’ ಎಂದೇ ಓದುತ್ತಾಳೆ. ಜೋಡಿ ಅಕ್ಷರಗಳ ಪಟ್ಟಿಯನ್ನು ದಿನವೂ ಬಾಯಿಪಾಠ ಮಾಡಿಸುತ್ತಿದ್ದೇನೆ. ಇನ್ನೇನು ಮಾಡಲಿ?

ಉತ್ತರ: ಆ ಪಟ್ಟಿಯನ್ನು ಮೊದಲು ಎತ್ತಿಡಿ. ಈ ಪ್ರಶ್ನೆ ಬಂದಾಗಲೆಲ್ಲ ಅದೇ ಪಟ್ಟಿಯೂ ಜೊತೆಗೆ ಬರುತ್ತದೆ: ಡೈಗ್ರಾಫ್ (ಎರಡು ಅಕ್ಷರ ಸೇರಿ ಒಂದೇ ಧ್ವನಿ), ಬ್ಲೆಂಡ್ (ಜೊತೆಗಿದ್ದರೂ ಪ್ರತಿ ಅಕ್ಷರಕ್ಕೂ ತನ್ನದೇ ಧ್ವನಿ) ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದ್ದು. ತೊಡಕು ಹುಟ್ಟುವುದೇ ಅಲ್ಲಿ.

ನಿಮ್ಮ ಮಗಳು ತರ್ಕಬದ್ಧವಾಗಿಯೇ ಓದುತ್ತಿದ್ದಾಳೆ. ‘ಅಸ್ತ್ರ’ ಎಂದಾಗ ಸಕಾರ, ತಕಾರ, ರಕಾರ ಮೂರೂ ಕೇಳಿಸುತ್ತವೆ. ಇಂಗ್ಲಿಷಿನ ‘ಸ್ಟಾಪ್’ನಲ್ಲೂ ಎಸ್ ಮತ್ತು ಟಿ ಎರಡೂ ನುಡಿಯುತ್ತವೆ. ಹಾಗಾಗಿ ಎಸ್ ಪಕ್ಕದಲ್ಲಿ ಎಚ್ ಕಂಡರೆ ಎರಡನ್ನೂ ನುಡಿಸುತ್ತಾಳೆ. ಇಲ್ಲಿ ಎರಡು ಅಕ್ಷರ ಸೇರಿ ಒಂದೇ ಧ್ವನಿಯನ್ನು ಬರೆಯುತ್ತವೆ ಎಂಬುದನ್ನು ಅವಳಿಗೆ ಕಣ್ಣಿಗೆ ಕಾಣುವಂತೆ ಯಾರೂ ತೋರಿಸಿಲ್ಲ.

ಪುಸ್ತಕ ಮುಚ್ಚಿ ಕಿವಿಯಿಂದ ಆರಂಭಿಸಿ. ‘ಶಾಪ್, ಸನ್, ಫಿಶ್, ಬಸ್’ ಎಂದು ಹೇಳುತ್ತಾ ಹೋಗಿ. ‘ಶ್’ ಕೇಳಿದಾಗ ಕೈ ಎತ್ತಲಿ. ಇದು ತಪ್ಪಿಲ್ಲದೆ ಬಂದ ಮೇಲೆ ಹಾಳೆಯಲ್ಲಿ ಚೌಕಗಳನ್ನು ಬರೆಯಿರಿ, ಒಂದು ಧ್ವನಿಗೆ ಒಂದು ಚೌಕ. ಸೋವಿಯತ್ ಮನಶ್ಶಾಸ್ತ್ರಜ್ಞ ಎಲ್ಕೋನಿನ್ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನ ಇದು. ‘ಸ್ಟಾಪ್’ಗೆ ನಾಲ್ಕು ಅಕ್ಷರ, ನಾಲ್ಕು ಚೌಕ. ‘ಶಾಪ್’ಗೂ ನಾಲ್ಕೇ ಅಕ್ಷರ, ಆದರೆ ಚೌಕ ಮೂರೇ, ಎಸ್ ಮತ್ತು ಎಚ್ ಒಂದೇ ಚೌಕದೊಳಗೆ ಕೂರಬೇಕು. ಅವಳೇ ಬರೆಯಲಿ, ನೀವು ಕೈ ಹಿಡಿಯಬೇಡಿ.

ಧ್ವನಿ ಹೇಳಿಕೊಡುವಾಗ ‘ಶ’ ಎನ್ನಬೇಡಿ, ‘ಶ್’ ಎನ್ನಿ. ಅಕ್ಷರ ಎಂದೊಡನೆ ಅಕಾರ ಸೇರಿಸುವ ರೂಢಿ ನಮಗೆ ಬಲವಾಗಿದೆ. ‘ಶ–ಇ–ಪ’ ಎಂದು ಎಷ್ಟು ಕೂಡಿಸಿದರೂ ‘ಶಿಪ್’ ಆಗದು. ಆಮೇಲೆ ‘ಸಿಪ್–ಶಿಪ್’, ‘ಮ್ಯಾಸ್–ಮ್ಯಾಶ್’ನಂತಹ ಜೋಡಿಗಳನ್ನು ಓದಿಸಿ, ಉಕ್ತಲೇಖನವನ್ನೂ ಕೊಡಿ. ಓದಲು ಬಂದದ್ದು ಬರೆಯಲು ಬಾರದಿದ್ದರೆ ಕಲಿಕೆ ಇನ್ನೂ ಹಸಿಯಾಗಿದೆ.

ಇದು ಗಟ್ಟಿಯಾಗುವವರೆಗೆ ಮುಂದಿನ ಜೋಡಿಗೆ ಹೋಗಬೇಡಿ. ಸಿ–ಎಚ್ ಅನ್ನಂತೂ ಇದರ ಬೆನ್ನಿಗೇ ತರಬೇಡಿ. ‘ಶ್’ ಮತ್ತು ‘ಚ್’ ಎಳೆಯ ಕಿವಿಗೆ ಸುಲಭವಾಗಿ ಕಲೆಸಿಹೋಗುತ್ತವೆ. ಅದನ್ನು ತಂದಾಗಲೂ ‘ಚಿಪ್’ ಸಾಕು. ಅದೇ ಸಿ–ಎಚ್ ಬೇರೆ ಧ್ವನಿ ಕೊಡುವ ಗ್ರೀಕ್ ಮೂಲದ ‘ಕೋರಸ್’, ಫ್ರೆಂಚಿನಿಂದ ಬಂದ ‘ಶೆಫ್’ ಕಾಯಲಿ. ‘ಮಿಸ್‌ಹ್ಯಾಪ್’ನಲ್ಲಿ ಎಸ್ ಮತ್ತು ಎಚ್ ಬೇರೆಯಾಗಿಯೇ ನುಡಿಯುತ್ತವೆ ಎಂದು ಈಗಲೇ ಹೇಳುವ ಉತ್ಸಾಹವೂ ಬೇಡ.

ಪ್ರಶ್ನೆ: ಎರಡು ಸ್ವರಾಕ್ಷರ ಜೊತೆಯಾದರೆ ಮೊದಲನೆಯದು ಮಾತ್ರ, ಅದೂ ತನ್ನ ಹೆಸರಿನ ಧ್ವನಿಯಲ್ಲೇ, ನುಡಿಯುತ್ತದೆ ಎಂದು ಕಲಿಸಬಹುದೇ?

ಉತ್ತರ: ಬೇಡ. 1963ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕ ಥಿಯೊಡರ್ ಕ್ಲೈಮರ್ ಪ್ರಾಥಮಿಕ ತರಗತಿಗಳ ಪದಗಳ ಮೇಲೆ ಈ ನಿಯಮವನ್ನು ಪರೀಕ್ಷಿಸಿದಾಗ ಅದು ಹೊಂದಿದ್ದು ಶೇ 45ರಷ್ಟು ಪದಗಳಿಗೆ ಮಾತ್ರ. ‘ಬ್ರೆಡ್’, ‘ಚೀಫ್’, ‘ಕಾಯಿನ್’ ಯಾವುದೂ ಇದಕ್ಕೆ ಬಗ್ಗುವುದಿಲ್ಲ. ಪ್ರತಿ ಜೋಡಿಯನ್ನೂ ಬೇರೆಯಾಗಿಯೇ ಕಲಿಸಿ.

ಪ್ರಶ್ನೆ: ಇಂಗ್ಲಿಷ್ ಪದಗಳ ಮೇಲೆ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಟ್ಟರೆ?

ಉತ್ತರ: ಮಗು ಕನ್ನಡವನ್ನು ಓದುತ್ತದೆ, ಇಂಗ್ಲಿಷನ್ನಲ್ಲ.

ಪ್ರಶ್ನೆ: ಜೋಡಿ ಅಕ್ಷರಗಳಲ್ಲಿ ತಡವರಿಸುವ ಮಗನಿಗೆ ಬಣ್ಣದ ಗಾಜಿನ ಕನ್ನಡಕ ಹಾಕಿಸಿ ಎನ್ನುತ್ತಿದ್ದಾರೆ.

ಉತ್ತರ: ಖಂಡಿತ ಹಾಕಿಸಬೇಡಿ. ಓದಿನ ತೊಂದರೆಗೆ ಬಣ್ಣದ ಮಸೂರ ಮದ್ದು ಎನ್ನಲು ವೈಜ್ಞಾನಿಕ ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ತಜ್ಞರ ಮತ್ತು ನೇತ್ರತಜ್ಞರ ಸಂಘಟನೆಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ಹೆತ್ತವರ ಆತಂಕವನ್ನು ಬಂಡವಾಳ ಮಾಡಿಕೊಳ್ಳುವವರ ಮಾತು ಕೇಳಬೇಡಿ. ವೈದ್ಯರಿಂದ ಕಣ್ಣಿನ ಜೊತೆ ಕಿವಿಯನ್ನೂ ತಪಾಸಣೆ ಮಾಡಿಸಿ. ‘ಸ್’ ಮತ್ತು ‘ಶ್’ ಬೇರೆಯಾಗಿ ಕೇಳಿಸದ ಮಗುವಿಗೆ ಯಾವ ಚೌಕವೂ ಅರ್ಥವಾಗದು.