ಶಿರಾಜ್ ಅನ್ನೋ ಕೆಂಪು ವೈನ್ ಕುಡಿದರೆ ಗಂಟಲು ಸುಡುತ್ತದೆ, ಬಾಯಿ ಒಗರಾಗುತ್ತದೆ ಅಂತ ದೂರಿದವರಿಗೆ

ಬಹುಶಃ ವೈನ್‌ದು ತಪ್ಪಿಲ್ಲ, ಬಿಸಿ ಜಾಸ್ತಿಯಾಗಿದೆ. ಕೆಂಪು ವೈನನ್ನು ‘ರೂಮ್ ಟೆಂಪರೇಚರ್’ನಲ್ಲಿ ಕುಡಿಯಬೇಕು ಅನ್ನೋ ಮಾತು ಯುರೋಪಿನ ತಣ್ಣನೆ ಮನೆಗಳದ್ದು. ಏಪ್ರಿಲ್‌ನಲ್ಲಿ ಬೆಂಗಳೂರಿನ ಅಡುಗೆಮನೆ 30 ಡಿಗ್ರಿ ಮುಟ್ಟುತ್ತದೆ, ಶಿರಾಜ್‌ಗೆ ಬೇಕಾದ್ದು 16ರಿಂದ 18. ಬಿಸಿಯಾದರೆ ಆಲ್ಕೋಹಾಲ್ ಘಾಟೇ ಮೊದಲು ಮೂಗಿಗೆ ಬಡಿಯುತ್ತದೆ.

ಬಾಟಲಿಯನ್ನು ಫ್ರಿಜ್‌ನಲ್ಲಿ ಒಂದು ಗಂಟೆ ಇಡಿ. ರಾತ್ರಿಯಿಡೀ ಬೇಡ, ತೀರಾ ತಣ್ಣಗಾದರೆ ಒಗರು ಏರುತ್ತದೆ. ಆಮೇಲೆ ಅಗಲ ಬಾಯಿಯ ಗಾಜಿನ ಜಗ್‌ಗೆ ಸುರಿದು ಅರ್ಧ ಗಂಟೆ ಗಾಳಿಗೆ ಬಿಡಿ. ಗ್ಲಾಸಿಗೆ ಮೂರನೇ ಒಂದು ಭಾಗ ಸಾಕು. ತಿರುಗಿಸಿ, ಮೂಸಿ ನೋಡಿ. ಆಗಷ್ಟೇ ಕುಟ್ಟಿದ ಕಾಳುಮೆಣಸಿನ ವಾಸನೆ ಸಿಕ್ಕರೆ ಅದು ಶಿರಾಜ್‌ನದ್ದೇ, ನನಗೆ ಅದಂದ್ರೆ ಪ್ರಾಣ. ಗುಟುಕನ್ನು ನಾಲ್ಕೈದು ಸೆಕೆಂಡ್ ಬಾಯಲ್ಲಿ ಹೊರಳಾಡಿಸಿ ನುಂಗಿ.

ಒಗರು ಬರುವುದು ದ್ರಾಕ್ಷಿ ಸಿಪ್ಪೆ, ಬೀಜದಲ್ಲಿರೋ ಟ್ಯಾನಿನ್ ಅನ್ನೋ ಅಂಶದಿಂದ. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿಯುತ್ತದಲ್ವಾ, ಹಾಗೇ. ಚೀಸ್ ಅಥವಾ ಮಟನ್ ಜೊತೆ ಕುಡಿದರೆ ತಗ್ಗುತ್ತದೆ. ಖಾರದ ಚಾಪ್ಸ್ ಮಾತ್ರ ಬೇಡ, ಉರಿ ಇನ್ನೂ ಹೆಚ್ಚುತ್ತದೆ.

ಇಷ್ಟಾದರೂ ವಿನೆಗರ್ ಹುಳಿ ಅಥವಾ ಒದ್ದೆ ರಟ್ಟಿನ ವಾಸನೆ ಬಂದರೆ ಬಾಟಲಿಯೇ ಕೆಟ್ಟಿರಬಹುದು. ಚೆಲ್ಲಬೇಡಿ, ಬಿಲ್ ಸಮೇತ ಅಂಗಡಿಯಲ್ಲಿ ಕೇಳಿ ನೋಡಿ.